ಕಾಲು ಮೈಲಿಯ ಓಟ: ಡ್ರ್ಯಾಗ್ ರೇಸ್ ನಿಲ್ಲಲು ಕಲಿತ ಕಥೆ

ಮೋಟಾರು ಪಂದ್ಯಗಳಲ್ಲಿ ಡ್ರ್ಯಾಗ್ ರೇಸಿನಷ್ಟು ಸರಳವಾದದ್ದು ಬೇರೊಂದಿಲ್ಲ. ನೇರವಾದ ಒಂದು ಹಾದಿ, ಅದರಲ್ಲಿ ಅಕ್ಕಪಕ್ಕ ಎರಡು ವಾಹನ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರು ದೂರವನ್ನು ಯಾರು ಮೊದಲು ದಾಟುತ್ತಾರೋ ಅವರು ಗೆದ್ದಂತೆ. ತಿರುವಿಲ್ಲ, ಸುತ್ತಿಲ್ಲ, ಗಂಟೆಗಟ್ಟಲೆ ಕಾಯುವ ಗೋಜಿಲ್ಲ. ಕರಾವಳಿಯ ಕಂಬಳವನ್ನು ಕಂಡವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಜೋಡುಕರೆ; ಗಂತಿನಲ್ಲಿ ಬಿಟ್ಟ ಕೋಣಗಳು ನೇರವಾಗಿ ಮಂಜೊಟ್ಟಿಗೆ ಓಡುತ್ತವೆ; ಸೋಲು ಗೆಲುವು ಕೆಲವೇ ಕ್ಷಣಗಳ ಮಾತು. ಆದರೆ ಕಂಬಳದ ಕರೆಯನ್ನು ಕಟ್ಟಿದ ನಮ್ಮ ಹಿರಿಯರು ಒಂದು ವಿಷಯವನ್ನು ಮೊದಲೇ ಯೋಚಿಸಿದ್ದರು. ಕರೆಯ ಕೊನೆಯಲ್ಲಿ ನೆಲ ಏರಾಗಿರುತ್ತದೆ. ಓಡಿ ಬಂದ ಕೋಣಗಳು ಆ ಏರನ್ನು ಹತ್ತುತ್ತಲೇ ವೇಗ ಕಳೆದುಕೊಳ್ಳುತ್ತವೆ. ಹಿಡಿದು ನಿಲ್ಲಿಸಲು ಅಲ್ಲಿ ಜನರೂ ಇರುತ್ತಾರೆ.

ಅಮೆರಿಕದಲ್ಲಿ ಹುಟ್ಟಿ ಬೆಳೆದ ಡ್ರ್ಯಾಗ್ ರೇಸಿನಲ್ಲಿ ಈ ಮುಂದಾಲೋಚನೆ ಇರಲಿಲ್ಲ. ಅಲ್ಲಿ ಮೊದಲು ಓಡುವುದನ್ನು ಕಲಿತರು. ನಿಲ್ಲುವುದನ್ನು ಬಹಳ ನಿಧಾನವಾಗಿ, ಬಹಳ ಬೆಲೆ ತೆತ್ತು ಕಲಿತರು. ಆ ಕ್ರೀಡೆಯ ನಿಯಮಪುಸ್ತಕದಲ್ಲಿ ಇಂದು ಇರುವ ಅನೇಕ ನಿಯಮಗಳ ಹಿಂದೆ ಯಾರೋ ಒಬ್ಬರ ಮುರಿದ ಎಲುಬು, ಸುಟ್ಟ ಮೈ ಅಥವಾ ಹೋದ ಜೀವ ಇದೆ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ನಮ್ಮ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೂ ಆ ಜನರನ್ನು ಮೆಚ್ಚಬೇಕಾದ ಕಾರಣ ಒಂದಿದೆ: ಕೆಟ್ಟ ಮೇಲೆ ಬಂದ ಬುದ್ಧಿಯನ್ನು ಅವರು ಮರೆಯಲು ಬಿಡಲಿಲ್ಲ, ಬರೆದಿಟ್ಟು ಎಲ್ಲರಿಗೂ ಕಡ್ಡಾಯ ಮಾಡಿದರು. ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಲೇ ಮೋಟಾರ್ ಸೈಕಲ್ ಕೇಳುವ ಕಾಲವಿದು. ಆದುದರಿಂದ ದೂರದೇಶದ ಈ ಇತಿಹಾಸ ನಮಗೂ ತೀರ ದೂರದ್ದೇನಲ್ಲ.

ಬೀದಿಯಿಂದ ಬಯಲಿಗೆ

ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಬೇಸಿಗೆಗೆ ಒಣಗಿ ಹಲಗೆಯಂತೆ ಗಟ್ಟಿಯಾಗುವ ಸರೋವರಗಳಿವೆ. ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಈ ಬಯಲುಗಳಿಗೆ 1930ರ ದಶಕದಲ್ಲೇ ಲಾಸ್ ಏಂಜಲೀಸಿನ ತರುಣರು ಹಳೆಯ ಫೋರ್ಡ್ ಕಾರುಗಳನ್ನು ತಂದು ವೇಗ ಪರೀಕ್ಷಿಸುತ್ತಿದ್ದರು. ಮಡ್‌ಗಾರ್ಡು, ಬಂಪರು, ಛಾವಣಿ ಎಲ್ಲವನ್ನೂ ಕಿತ್ತು ಹಗುರಗೊಳಿಸಿ, ಯಂತ್ರವನ್ನು ತಿದ್ದಿ ಬಲಪಡಿಸಿದ ಈ ಗಾಡಿಗಳಿಗೆ ಮುಂದೆ "ಹಾಟ್ ರಾಡ್" ಎಂದು ಹೆಸರು ಬಂತು. ಮೊದಮೊದಲು ಹಲವು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಓಡಿಸುತ್ತಿದ್ದರು. ಮುಂದೆ ಹೋದವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಹಾದಿಯೂ ಕಾಣದು, ಪಕ್ಕದವನೂ ಕಾಣನು. 1937ರಲ್ಲಿ ಕೆಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಶನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಕ್ರಮೇಣ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದಿಂದ ವೇಗ ಅಳೆಯುವ ಪದ್ಧತಿ ನೆಲೆಗೊಂಡಿತು. ಈ ಕ್ರೀಡೆಯ ಮೊದಲ ಶಿಸ್ತು ಧೂಳಿನಿಂದ ಹುಟ್ಟಿತೆನ್ನಬಹುದು.

ಎರಡನೆಯ ಮಹಾಯುದ್ಧ ಮುಗಿದು ಸಾವಿರಾರು ತರುಣರು ಊರಿಗೆ ಮರಳಿದರು. ಸೈನ್ಯದಲ್ಲಿ ಯಂತ್ರದ ಕೆಲಸ ಕಲಿತಿದ್ದರು, ಕೈಯಲ್ಲಿ ನಾಲ್ಕು ಕಾಸು ಇತ್ತು, ಹಳೆಯ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. ಒಣ ಸರೋವರಗಳು ದೂರ. ಊರ ಬೀದಿ ಹತ್ತಿರ. ರಾತ್ರಿಯ ಹೊತ್ತು ಒಂದು ಸಿಗ್ನಲ್ ದೀಪದಿಂದ ಮುಂದಿನ ಸಿಗ್ನಲ್ ದೀಪದವರೆಗೆ ಪಂಥ ಕಟ್ಟುವುದು ರೂಢಿಯಾಯಿತು. ಅಪಘಾತಗಳಾದವು. ಪತ್ರಿಕೆಗಳು ಹಾಟ್ ರಾಡ್ ಹುಡುಗರೆಂದರೆ ಪುಂಡರು ಎಂದು ಬರೆದವು. ಕಠಿಣ ಕಾನೂನು ಬೇಕೆಂದು ನಾಗರಿಕರು ಒತ್ತಾಯಿಸಿದರು.

ಆಗ ಒದಗಿಬಂದದ್ದು ವಿಮಾನದ ಓಡುಹಾದಿಗಳು. ಯುದ್ಧಕಾಲದಲ್ಲಿ ಕಟ್ಟಿದ ಎಷ್ಟೋ ಓಡುಹಾದಿಗಳು ಕೆಲಸವಿಲ್ಲದೆ ಬಿದ್ದಿದ್ದವು. ಕ್ಯಾಲಿಫೋರ್ನಿಯದ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ 1950ರಲ್ಲಿ ಸಿ. ಜೆ. ಹಾರ್ಟ್ ಎಂಬವರು ಜೊತೆಗಾರರೊಡನೆ ಸೇರಿ, ಟಿಕೇಟು ಇಟ್ಟು, ಗಡಿಯಾರ ಇಟ್ಟು ಕ್ರಮಬದ್ಧವಾದ ಪಂದ್ಯಗಳನ್ನು ಆರಂಭಿಸಿದರು. ಅಮೆರಿಕದ ಮೊದಲ ವ್ಯಾಪಾರೀ ಡ್ರ್ಯಾಗ್ ಹಾದಿ ಎಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಆ ದಿನ ಆ ಹಾದಿಗೆ ಬಂದ ಕಾರುಗಳು ಬೀದಿಯಲ್ಲಿ ಓಡುತ್ತಿದ್ದ ಕಾರುಗಳೇ. ಚಾಲಕರೂ ಅವರೇ, ವೇಗವೂ ಅದೇ. ಶಿರಸ್ತ್ರಾಣ, ಬೆಲ್ಟುಗಳಲ್ಲಿ ದೊಡ್ಡ ಸುಧಾರಣೆ ಇನ್ನೂ ಆಗಿರಲಿಲ್ಲ. ಆದರೂ ಅಪಾಯ ಎಷ್ಟೋ ತಗ್ಗಿತು. ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡರಸ್ತೆಯಿಲ್ಲ, ಚೆಂಡಿನ ಹಿಂದೆ ಓಡಿಬರುವ ಮಗುವಿಲ್ಲ. ಡ್ರ್ಯಾಗ್ ರೇಸಿನ ಚರಿತ್ರೆಯಲ್ಲಿ ಮೊಟ್ಟಮೊದಲನೆಯ ರಕ್ಷಣೆಯ ಸಾಧನ ಯಾವುದೆಂದರೆ ಜಾಗ.

ಪೋಲೀಸರೂ ಕೈಜೋಡಿಸಿದರು

ಜಾಗ ಸಿಕ್ಕಿದ ಮೇಲೆ ನಿಯಮ ಬೇಕಾಯಿತು. ಈ ಕೆಲಸಕ್ಕೆ ಮುಂದಾದವರು ವಾಲಿ ಪಾರ್ಕ್ಸ್. ಒಣ ಸರೋವರದ ಕಾಲದಿಂದಲೂ ಈ ಹವ್ಯಾಸದಲ್ಲಿ ಬೆಳೆದ ಪಾರ್ಕ್ಸ್, 1948ರಲ್ಲಿ ಆರಂಭವಾದ "ಹಾಟ್ ರಾಡ್" ಪತ್ರಿಕೆಯ ಸಂಪಾದಕರಾಗಿದ್ದರು. 1951ರಲ್ಲಿ ಅವರು ನ್ಯಾಶನಲ್ ಹಾಟ್ ರಾಡ್ ಅಸೋಸಿಯೇಶನ್, ಅಂದರೆ ಎನ್.ಎಚ್.ಆರ್.ಎ. ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹುಡುಗರನ್ನು ಬೀದಿಯಿಂದ ಬಿಡಿಸಬೇಕು, ಅವರ ವೇಗದ ಹಂಬಲಕ್ಕೆ ಒಂದು ನೆಲೆ ಕೊಡಬೇಕು, ಗೊಂದಲವಿದ್ದಲ್ಲಿ ಕ್ರಮ ತರಬೇಕು ಎಂಬುದು ಅವರ ಉದ್ದೇಶ. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕ್ರೀಡೆಗೆ ಹಿರಿಯರಾಗಿ ಉಳಿದರು.

ಸಂಸ್ಥೆಯ ಮೊದಲ ಅಧಿಕೃತ ಪಂದ್ಯ 1953ರ ಏಪ್ರಿಲಿನಲ್ಲಿ ಪೊಮೋನಾ ಎಂಬಲ್ಲಿ, ಜಾತ್ರೆ ಮೈದಾನದ ವಾಹನ ನಿಲ್ಲಿಸುವ ಬಯಲಿನಲ್ಲಿ ನಡೆಯಿತು. ಅದಕ್ಕೆ ಬೆಂಬಲವಾಗಿ ನಿಂತವರು ಆ ಊರಿನ ಪೋಲೀಸ್ ಮುಖ್ಯಸ್ಥ ರಾಲ್ಫ್ ಪಾರ್ಕರ್ ಮತ್ತು ಸಾರ್ಜೆಂಟ್ ಬಡ್ ಕೂನ್ಸ್. ಹುಡುಗರನ್ನು ಹಿಡಿದು ದಂಡ ಹಾಕುತ್ತಿದ್ದ ಇಲಾಖೆಯೇ ಅವರಿಗೆ ಬಯಲು ಒದಗಿಸಲು ನೆರವಾದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಮುಂದೆ ಇದೇ ಬಡ್ ಕೂನ್ಸ್ ಅವರ ನೇತೃತ್ವದಲ್ಲಿ 1954ರಲ್ಲಿ ನಾಲ್ವರ ತಂಡವೊಂದು ದೇಶಸಂಚಾರಕ್ಕೆ ಹೊರಟಿತು. ಇದಕ್ಕೆ "ಸೇಫ್ಟಿ ಸಫಾರಿ" ಎಂಬ ಹೆಸರು ನಿಂತಿತು. ಒಂದು ಕಾರು, ಅದರ ಹಿಂದೆ ಗಡಿಯಾರದ ಸಲಕರಣೆಗಳನ್ನು ತುಂಬಿದ ಒಂದು ಟ್ರೇಲರು. ಊರಿಂದೂರಿಗೆ ಹೋಗಿ, ಅಲ್ಲಿಯ ಕ್ಲಬ್ಬಿನ ಹುಡುಗರಿಗೆ ಹಾದಿ ಹೇಗೆ ಸಿದ್ಧಪಡಿಸಬೇಕು, ಜನರನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು, ಓಡುವ ಮೊದಲು ವಾಹನವನ್ನು ಹೇಗೆ ಪರೀಕ್ಷಿಸಬೇಕು ಎಂದು ಕಲಿಸುವುದು ಇವರ ಕೆಲಸ. ಬ್ರೇಕು ಹಿಡಿಯುತ್ತದೆಯೇ, ಸ್ಟಿಯರಿಂಗ್ ಸಡಿಲವಿದೆಯೇ, ಇಂಧನದ ಕೊಳವೆ ಸೋರುತ್ತಿದೆಯೇ, ಬೆಲ್ಟು ಸರಿಯಾಗಿದೆಯೇ ಎಂದು ಒಂದೊಂದನ್ನೂ ನೋಡಿ, ಕೊರತೆ ಇದ್ದರೆ ಓಡಲು ಬಿಡುತ್ತಿರಲಿಲ್ಲ. ಮೂರು ಬೇಸಿಗೆ ಈ ಸಂಚಾರ ನಡೆಯಿತು. 1955ರಲ್ಲಿ ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯುವ ಹೊತ್ತಿಗೆ ಒಂದೇ ಬಗೆಯ ನಿಯಮ ದೇಶದ ಹಲವು ಕಡೆ ಪರಿಚಿತವಾಗಿತ್ತು.

ಆಗಿನ ಕಾಲದಲ್ಲಿ ಪಂದ್ಯ ಬಿಡುತ್ತಿದ್ದವನು ಬಾವುಟ ಹಿಡಿದ ಒಬ್ಬ ಮನುಷ್ಯ. ಗುಡುಗುವ ಎರಡು ಕಾರುಗಳ ಎದುರಿಗೆ ನಿಂತು, ಬಾವುಟ ಎತ್ತಿ ಹಾರುತ್ತಿದ್ದ. ನೋಡಲು ಸೊಗಸು, ನಿಂತವನಿಗೆ ಗಂಡಾಂತರ. 1963ರಲ್ಲಿ ಕಂಬಕ್ಕೆ ಕಟ್ಟಿದ ಬಣ್ಣದ ದೀಪಗಳ ಸಾಲು ಬಂತು. ಅದರ ಆಕಾರ ನೋಡಿ ಜನ ಅದನ್ನು "ಕ್ರಿಸ್ಮಸ್ ಮರ" ಎಂದು ಕರೆದರು. ಹೊರಡುವ ಕ್ಷಣದ ಬಗ್ಗೆ ಜಗಳವೂ ತಗ್ಗಿತು, ಬಾವುಟದವನ ಜೀವವೂ ಉಳಿಯಿತು.

ಇಂಧನಕ್ಕೆ ನಿಷೇಧ

ವೇಗ ಹೆಚ್ಚಲು ಮುಖ್ಯ ಕಾರಣ ನೈಟ್ರೋಮೀಥೇನ್ ಎಂಬ ರಾಸಾಯನಿಕ ಇಂಧನ. ಪೆಟ್ರೋಲು ಉರಿಯಬೇಕಾದರೆ ಅದರ ತೂಕದ ಸುಮಾರು 14.7 ಪಾಲು ಗಾಳಿ ಬೇಕು. ನೈಟ್ರೋಮೀಥೇನಿನಲ್ಲಿ ಆಮ್ಲಜನಕ ಒಳಗೇ ಸೇರಿರುವುದರಿಂದ ಸುಮಾರು 1.7 ಪಾಲು ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಹಲವು ಪಟ್ಟು ಹೆಚ್ಚು ಇಂಧನ ಸುರಿದು ಉರಿಸಬಹುದು. ಅದರಿಂದ ಬರುವ ಬಲವೂ ಹಾಗೆಯೇ. ಲೆಕ್ಕ ಸ್ವಲ್ಪ ತಪ್ಪಿದರೆ ಯಂತ್ರ ಬಾಂಬಿನಂತೆ ಸಿಡಿಯುತ್ತದೆ.

ಹಾದಿಗಳು ಹಳೆಯವು, ಉದ್ದ ಸಾಲದು, ಬ್ರೇಕು ಸಾಲದು. ಇದನ್ನು ಕಂಡು ಎನ್.ಎಚ್.ಆರ್.ಎ. 1957ರಲ್ಲಿ ನೈಟ್ರೋಮೀಥೇನನ್ನು ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ನೆನೆಸಿದಂತೆ ಆಗಲಿಲ್ಲ. ಇಂಧನ ಬೇಕಾದವರು ಬೇರೆ ಸಂಸ್ಥೆಗಳ ಹಾದಿಗಳಿಗೆ ಹೋದರು. ಪೆಟ್ರೋಲಿನಲ್ಲೇ ಉಳಿದವರು ಒಂದರ ಬದಲು ಎರಡು ಯಂತ್ರ ಜೋಡಿಸಿದರು. ಕೆಲವರು ವಿಮಾನದ ಯಂತ್ರವನ್ನೇ ತಂದು ಕೂರಿಸಿದರು. ವೇಗ ನಿಲ್ಲಲಿಲ್ಲ. 1963ರ ಹೊತ್ತಿಗೆ ಸಂಸ್ಥೆ ನಿಷೇಧವನ್ನು ಸಡಿಲಿಸಬೇಕಾಯಿತು. ಅದರ ಮರುವರ್ಷವೇ, 1964ರಲ್ಲಿ, ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಗಂಟೆಗೆ 200 ಮೈಲಿಯ ಗಡಿಯನ್ನು ಅಧಿಕೃತವಾಗಿ ದಾಟಿದರು. ಬೇಡವೆಂದ ಮಾತ್ರಕ್ಕೆ ಹಂಬಲ ಅಡಗುವುದಿಲ್ಲ, ಕಣ್ಣಿಗೆ ಕಾಣದ ಕಡೆ ಹೋಗುತ್ತದೆ ಎಂಬುದನ್ನು ತಂದೆತಾಯಿಗಳಾದ ನಾವೂ ಮನೆಗಳಲ್ಲಿ ಕಂಡಿದ್ದೇವೆ.

ಪ್ಯಾರಾಶೂಟು ಮತ್ತು ಬೆಂಕಿಯ ಅಂಗಿ

ಈ ವೇಗದಲ್ಲಿ ಬಂದ ಕಾರನ್ನು ಬ್ರೇಕು ಒಂದರಿಂದಲೇ ನಿಲ್ಲಿಸುವುದು ಸಾಧ್ಯವಿಲ್ಲ. 1950ರ ದಶಕದ ಕೊನೆಯಲ್ಲಿ ಜಿಮ್ ಡೀಸ್ಟ್ ಎಂಬವರು ಕಾರಿನ ಹಿಂಬದಿಗೆ ಪ್ಯಾರಾಶೂಟು ಕಟ್ಟುವ ಪ್ರಯೋಗ ನಡೆಸಿದರು. ಆಕಾಶದಿಂದ ಇಳಿಯುವವರಿಗಾಗಿ ಹುಟ್ಟಿದ ಕೊಡೆ ನೆಲದ ಮೇಲೆ ಓಡುವವರನ್ನು ಹಿಡಿದು ನಿಲ್ಲಿಸಿತು. ಅದೇ ಸುಮಾರಿನಲ್ಲಿ, 1958ರಲ್ಲಿ, ಹದಿನೆಂಟರ ಹರೆಯದ ಬಿಲ್ ಸಿಂಪ್ಸನ್ ಡ್ರ್ಯಾಗ್ ರೇಸಿನ ಅಪಘಾತದಲ್ಲಿ ಎರಡೂ ತೋಳುಗಳನ್ನು ಮುರಿದುಕೊಂಡ. ಹಾಸಿಗೆಯಲ್ಲಿ ಬಿದ್ದಿದ್ದ ಹುಡುಗ ಅದುವರೆಗೆ ಯೋಚಿಸದಿದ್ದ ರಕ್ಷಣೆಯ ಬಗ್ಗೆ ಯೋಚಿಸತೊಡಗಿದ. ಪ್ಯಾರಾಶೂಟು ಹೊಲಿಯುವುದರಿಂದ ಆರಂಭಿಸಿ, ಮುಂದೆ ಮೋಟಾರು ಪಂದ್ಯಗಳ ರಕ್ಷಣಾ ಸಾಮಗ್ರಿಯನ್ನು ತಯಾರಿಸುವ ದೊಡ್ಡ ಉದ್ಯಮವನ್ನೇ ಕಟ್ಟಿದ. ಇಂದು ಎನ್.ಎಚ್.ಆರ್.ಎ. ಹಾದಿಗಳಲ್ಲಿ ಗಂಟೆಗೆ 150 ಮೈಲಿ ಮೀರಿ ಓಡುವ ಯಾವ ಕಾರಿಗೂ ಪ್ಯಾರಾಶೂಟು ಕಡ್ಡಾಯ.

ನಿಲ್ಲುವ ಉಪಾಯ ಸಿಕ್ಕಿತು. ಬೆಂಕಿಯ ಭಯ ಹಾಗೆಯೇ ಉಳಿಯಿತು. 1959ರಲ್ಲಿ ಸೌತ್ ಕೆರೋಲಿನದ ಚೆಸ್ಟರ್ ಎಂಬಲ್ಲಿ ಗಾರ್ಲಿಟ್ಸ್ ಅವರ ಯಂತ್ರದ ಸೂಪರ್‌ಚಾರ್ಜರ್ ಸಿಡಿದು ಅವರು ತೀವ್ರವಾಗಿ ಸುಟ್ಟುಕೊಂಡಿದ್ದರು. ಆಗ ಚಾಲಕರ ಮೈಮೇಲೆ ಇರುತ್ತಿದ್ದದ್ದು ಹೆಚ್ಚೆಂದರೆ ಒಂದು ಚರ್ಮದ ಕೋಟು. 1960ರ ದಶಕದಲ್ಲಿ ಡ್ಯುಪಾಂಟ್ ಕಂಪೆನಿಯ ನೋಮೆಕ್ಸ್ ಎಂಬ, ಸುಲಭವಾಗಿ ಹೊತ್ತಿಕೊಳ್ಳದ ನೂಲು ಬಂತು. ಸಿಂಪ್ಸನ್ ಅದರಿಂದ ಚಾಲಕರ ಅಂಗಿ ಹೊಲಿಸಿದರು. ಜನ ನಂಬಲೆಂದು ಆ ಅಂಗಿ ತೊಟ್ಟು ಎಲ್ಲರೆದುರಿಗೆ ತನಗೇ ಬೆಂಕಿ ಹಚ್ಚಿಸಿಕೊಂಡು ತೋರಿಸಿದರು. ಪದರ ಪದರವಾಗಿ ಹೊಲಿದ ಈ ಬಟ್ಟೆ, ಕಾರಿನೊಳಗೇ ಇಟ್ಟ ಬೆಂಕಿ ಆರಿಸುವ ಸಾಧನ, ಚಾಲಕನ ಸುತ್ತ ಉಕ್ಕಿನ ಕೊಳವೆಗಳ ಪಂಜರ ಎಲ್ಲವೂ ಒಂದೊಂದಾಗಿ ನಿಯಮಗಳಾದವು. 1978ರಲ್ಲಿ ಇಂತಹ ಸಾಮಗ್ರಿಗಳ ಗುಣಮಟ್ಟವನ್ನು ನಿಗದಿಪಡಿಸುವ ಎಸ್.ಎಫ್.ಐ. ಎಂಬ ಸ್ವತಂತ್ರ ಸಂಸ್ಥೆಯೂ ಏರ್ಪಟ್ಟಿತು.

ಗಾರ್ಲಿಟ್ಸ್ ಕಳೆದುಕೊಂಡ ಪಾದ

ಆ ದಿನಗಳ ಡ್ರ್ಯಾಗ್ ಕಾರಿನ ರಚನೆ ವಿಚಿತ್ರವಾಗಿತ್ತು. ಉದ್ದನೆಯ ಚೌಕಟ್ಟಿನಲ್ಲಿ ಯಂತ್ರ ಮುಂದೆ. ಚಾಲಕ ಹಿಂದಿನ ಆಕ್ಸಿಲಿಗೂ ಹಿಂದೆ, ಕಾಲುಗಳನ್ನು ಆಕ್ಸಿಲಿನ ಮೇಲೆ ಚಾಚಿ ಕೂರಬೇಕು. ಕವಣೆಯಲ್ಲಿಟ್ಟ ಕಲ್ಲಿನಂತೆ ಕಾಣುತ್ತಿದ್ದುದರಿಂದ ಇದಕ್ಕೆ "ಸ್ಲಿಂಗ್‌ಶಾಟ್" ಎಂದು ಹೆಸರು. ಭಾರವೆಲ್ಲ ಹಿಂದಿನ ಗಾಲಿಗಳ ಮೇಲೆ ಬಿದ್ದು ಹಿಡಿತ ಚೆನ್ನಾಗಿ ಸಿಗುತ್ತಿತ್ತು. ಆದರೆ ಯಂತ್ರದಿಂದ ಹಾರಿದ ಎಣ್ಣೆ, ಬೆಂಕಿ ಎಲ್ಲ ನೇರವಾಗಿ ಚಾಲಕನ ಮುಖಕ್ಕೆ. ಕ್ಲಚ್ಚು, ಗೇರುಪೆಟ್ಟಿಗೆಗಳು ಅವನ ಕಾಲುಗಳ ನಡುವೆಯೇ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿನ ಬಿಲ್ಲೆ ಒಡೆದರೆ ಅದರ ಚೂರುಗಳು ಗರಗಸದಂತೆ ಕೊಯ್ಯುತ್ತವೆ. ಹೀಗೆ ಗಾಯಗೊಂಡವರೂ ಸತ್ತವರೂ ಇದ್ದರು. ಸುತ್ತ ಗಟ್ಟಿ ಉಕ್ಕಿನ ಕವಚ ಹಾಕಬೇಕೆಂಬ ನಿಯಮ ಬಂದಿತ್ತಾದರೂ ವೇಗ ಕವಚವನ್ನು ಮೀರುತ್ತಿತ್ತು.

1970ರ ಮಾರ್ಚ್ 8ರಂದು ಲಾಸ್ ಏಂಜಲೀಸಿನ ಸಮೀಪದ ಲಯನ್ಸ್ ಹಾದಿಯಲ್ಲಿ ಗಾರ್ಲಿಟ್ಸ್ ಪಂದ್ಯಕ್ಕೆ ಹೊರಡುತ್ತಿದ್ದಂತೆಯೇ ಅವರ ಕಾರಿನ ಗೇರುಪೆಟ್ಟಿಗೆ ಸಿಡಿಯಿತು. ಕಾರು ಎರಡು ತುಂಡಾಯಿತು. ಅವರ ಬಲ ಪಾದದ ಮುಂಭಾಗ ಹೋಯಿತು. ಸಿಡಿದ ಚೂರು ಪ್ರೇಕ್ಷಕರಲ್ಲಿದ್ದ ಒಬ್ಬ ತರುಣನನ್ನೂ ತೀವ್ರವಾಗಿ ಗಾಯಗೊಳಿಸಿತು. ಆಗ ಗಾರ್ಲಿಟ್ಸ್ ಅವರಿಗೆ 38 ವರ್ಷ. ಆ ಕ್ರೀಡೆಯ ಅತ್ಯಂತ ಪ್ರಸಿದ್ಧ ವ್ಯಕ್ತಿ. ಬಿಟ್ಟುಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಅವರು ಆಸ್ಪತ್ರೆಯಲ್ಲೇ ಹೊಸ ಕಾರಿನ ರಚನೆಯನ್ನು ಯೋಚಿಸಿದರು. ಯಂತ್ರವನ್ನು ಚಾಲಕನ ಹಿಂದಕ್ಕೆ ಹಾಕಿದರೆ ಸಿಡಿದದ್ದು, ಉರಿದದ್ದು ಎಲ್ಲ ಅವನ ಹಿಂದೆಯೇ ಉಳಿಯುತ್ತದೆ. ಈ ವಿಚಾರ ಹೊಸದೇನಲ್ಲ. ಹಿಂದೆಯೂ ಕೆಲವರು ಪ್ರಯತ್ನಿಸಿದ್ದರು. ಅಂತಹ ಕಾರುಗಳು ನೇರವಾಗಿ ಹೋಗದೆ ಅಡ್ಡಾದಿಡ್ಡಿ ತಿರುಗುತ್ತಿದ್ದುದರಿಂದ ಕೈಬಿಟ್ಟಿದ್ದರು. ಗಾರ್ಲಿಟ್ಸ್ ಮತ್ತು ಅವರ ಸಂಗಡಿಗರು ತಿಂಗಳುಗಟ್ಟಲೆ ಪ್ರಯೋಗ ನಡೆಸಿ ಮದ್ದು ಕಂಡುಹಿಡಿದರು. ಸ್ಟಿಯರಿಂಗ್ ಬಹಳ ಚುರುಕಾಗಿತ್ತು. ಅದನ್ನು ಮಂದಗೊಳಿಸಿದರೆ ಕಾರು ನೆಟ್ಟಗೆ ಹೋಗುತ್ತದೆ. 1971ರ ಆರಂಭದಲ್ಲಿ ಪೊಮೋನಾದ ಪಂದ್ಯವನ್ನು ಅವರು ಈ ಹೊಸ ಕಾರಿನಲ್ಲೇ ಗೆದ್ದರು. ಕೆಲವೇ ವರ್ಷಗಳಲ್ಲಿ ಹಳೆಯ ಸ್ಲಿಂಗ್‌ಶಾಟ್ ಕಾರುಗಳು ಉನ್ನತ ಪಂದ್ಯಗಳಿಂದ ಮರೆಯಾದವು. ಸುರಕ್ಷಿತವಾದದ್ದು ನಿಧಾನವಾಗಿರುತ್ತದೆ ಎಂಬ ತಪ್ಪು ಕಲ್ಪನೆ ಅದರೊಡನೆಯೇ ಹೋಯಿತು. ಎದುರಿಗೆ ಬೆಂಕಿಯಿಲ್ಲದ ಚಾಲಕ ಹೆಚ್ಚು ಧೈರ್ಯದಿಂದ, ಹೆಚ್ಚು ಸ್ಪಷ್ಟವಾಗಿ ಹಾದಿಯನ್ನು ಕಂಡು ಓಡಿಸಿದ.

ಗಂಡಸರ ಈ ಆಟದಲ್ಲಿ ಮೂರು ಬಾರಿ ಟಾಪ್ ಫ್ಯೂಯೆಲ್ ವಿಭಾಗದ ಚಾಂಪಿಯನ್ ಆದ ಶರ್ಲಿ ಮಲ್ಡೌನಿ ಅವರನ್ನೂ ಇಲ್ಲಿ ನೆನೆಯಬೇಕು. 1984ರಲ್ಲಿ ಕೆನಡದ ಮಾಂಟ್ರಿಯಲ್ ಸಮೀಪದ ಹಾದಿಯಲ್ಲಿ ಮುಂದಿನ ಸಣ್ಣ ಗಾಲಿಯ ಟ್ಯೂಬು ಕೈಕೊಟ್ಟು ಅವರ ಕಾರು ಪುಡಿಯಾಯಿತು. ಎರಡೂ ಕಾಲುಗಳು ನುಜ್ಜುಗುಜ್ಜಾದವು. ಅನೇಕ ಶಸ್ತ್ರಚಿಕಿತ್ಸೆಗಳ ನಂತರ 1986ರಲ್ಲಿ ಅವರು ಮತ್ತೆ ಹಾದಿಗೆ ಬಂದರು. ಸಾವಿರಾರು ಅಶ್ವಶಕ್ತಿಯ ಯಂತ್ರವನ್ನು ಹೊತ್ತ ಕಾರಿನ ಭವಿಷ್ಯ ಮುಂದಿನ ಪುಟ್ಟ ಗಾಲಿಯೊಂದರ ಮೇಲೆ ನಿಂತಿರಬಹುದು.

ನೋಡಲು ಬಂದವರು

ಚಾಲಕ ತನ್ನ ಇಚ್ಛೆಯಿಂದ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ನೋಡಲು ಬಂದವರ ಮಾತು ಹಾಗಲ್ಲ. 1969ರ ಮಾರ್ಚ್ 2ರಂದು ಜಾರ್ಜಿಯ ರಾಜ್ಯದ ಕೋವಿಂಗ್‌ಟನ್ ಬಳಿಯ ಯೆಲ್ಲೋ ರಿವರ್ ಹಾದಿಯಲ್ಲಿ ಕಾರೊಂದು ಹಿಡಿತ ತಪ್ಪಿ ಬೇಲಿಯ ಆಚೆಗಿದ್ದ ಜನರ ಮೇಲೆ ನುಗ್ಗಿತು. ಕನಿಷ್ಠ 11 ಜನ ಸತ್ತರು, ಗಾಯಗೊಂಡವರು ಹಲವರು. ಜನ ಹಾದಿಗೆ ತೀರ ಹತ್ತಿರ ನಿಂತಿದ್ದರು. ಇಂದಿನ ದೊಡ್ಡ ಹಾದಿಗಳಲ್ಲಿ ಎರಡೂ ಕಡೆ ಕಾಂಕ್ರೀಟಿನ ಗೋಡೆ, ದೂರದ ಗ್ಯಾಲರಿ ಇವೆ.

2007ರ ಜೂನ್ 16ರಂದು ಟೆನ್ನೆಸೀ ರಾಜ್ಯದ ಸೆಲ್ಮರ್ ಎಂಬ ಸಣ್ಣ ಊರಿನಲ್ಲಿ ನಡೆದದ್ದು ಇನ್ನೂ ಕಲಿಸುವಂಥದು. ಮಕ್ಕಳ ಸಹಾಯಾರ್ಥ ಏರ್ಪಡಿಸಿದ ಒಂದು ಸಮಾರಂಭದಲ್ಲಿ ನುರಿತ ವೃತ್ತಿಪರ ಡ್ರ್ಯಾಗ್ ಚಾಲಕರೊಬ್ಬರು ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಗಾಲಿಗಳಿಂದ ಹೊಗೆ ಎಬ್ಬಿಸಿ ತೋರಿಸುತ್ತಿದ್ದರು. ಪಂದ್ಯವೂ ಅಲ್ಲ, ಪ್ರದರ್ಶನ ಮಾತ್ರ. ಕಾರು ಜಾರಿತು, ರಸ್ತೆಯ ಬದಿಗೆ ತಡೆಗೋಡೆ ಇರಲಿಲ್ಲ, 6 ಜನ ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ಮೇರಿಲ್ಯಾಂಡಿನ ಅಕೋಕೀಕ್ ಬಳಿ ಬೆಳಗಿನ ಜಾವ ಹೆದ್ದಾರಿಯಲ್ಲಿ ಕದ್ದು ನಡೆಸಿದ ಪಂದ್ಯವನ್ನು ನೋಡಲು ಜನ ರಸ್ತೆಯ ಮೇಲೆಯೇ ನಿಂತಿದ್ದರು. ಕತ್ತಲೆಯಲ್ಲಿ ಕಾರೊಂದು ಅವರ ಮೇಲೆ ಹಾಯ್ದು 8 ಜನ ಸತ್ತರು. ಮೊದಲನೆಯ ಘಟನೆಯಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಎರಡರಲ್ಲೂ ಇಲ್ಲದೆ ಹೋದದ್ದು 1950ರಲ್ಲಿ ಸಾಂಟಾ ಆನಾದಲ್ಲಿ ಕಲಿತ ಮೊದಲ ಪಾಠ, ಅಂದರೆ ಜಾಗ.

ಕಾಲು ಮೈಲಿ ಸಾವಿರ ಅಡಿಯಾಯಿತು

1992ರಲ್ಲಿ ಕೆನ್ನಿ ಬರ್ನ್‌ಸ್ಟೀನ್ ಗಂಟೆಗೆ 300 ಮೈಲಿಯ ಗಡಿ ದಾಟಿದರು. 200ರಿಂದ 300ಕ್ಕೆ ಏರಲು 28 ವರ್ಷ ಹಿಡಿದಿತ್ತು. ಆದರೆ ಓಟದ ನಂತರ ನಿಲ್ಲಲು ಇದ್ದ ಜಾಗ ಹಳೆಯ ಹಾದಿಗಳಲ್ಲಿ ಮೊದಲಿನಷ್ಟೇ ಉಳಿದಿತ್ತು. ದೇಹದ ಮೇಲಿನ ಹೊರೆಯೂ ಹೆಚ್ಚಿತು. ಪ್ಯಾರಾಶೂಟು ಬಿಚ್ಚಿಕೊಂಡಾಗ ಚಾಲಕನ ಮೈ ಮುಂದಕ್ಕೆ ಎಸೆದಂತಾಗುತ್ತದೆ. ಐದು ಬಾರಿ ಚಾಂಪಿಯನ್ ಆಗಿದ್ದ ಜೋ ಅಮಾಟೋ ಕಣ್ಣಿನ ಅಕ್ಷಿಪಟದ ತೊಂದರೆಯಿಂದ 2000ದಲ್ಲಿ ನಿವೃತ್ತರಾಗಬೇಕಾಯಿತು.

ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. 2004ರ ಜೂನಿನಲ್ಲಿ ಸೇಂಟ್ ಲೂಯಿಸ್ ಬಳಿ ಟಯರು ಕಿತ್ತುಹೋಗಿ ಡ್ಯಾರೆಲ್ ರಸೆಲ್ ಸತ್ತರು. 2007ರ ಮಾರ್ಚಿನಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಅಭ್ಯಾಸದ ಓಟದ ವೇಳೆ ಹಿಂದಿನ ಗಾಲಿಗಳು ಭೀಕರವಾಗಿ ಅದುರಿ ಎರಿಕ್ ಮೆಡ್ಲೆನ್ ಅವರ ತಲೆಗೆ ಪೆಟ್ಟಾಯಿತು; ನಾಲ್ಕು ದಿನಗಳ ನಂತರ ತೀರಿಕೊಂಡರು. ಅವರ ತಂಡದ ಯಜಮಾನ, ಪ್ರಸಿದ್ಧ ಚಾಲಕ ಜಾನ್ ಫೋರ್ಸ್, ಫೋರ್ಡ್ ಕಂಪೆನಿಯ ಎಂಜಿನಿಯರುಗಳ ನೆರವಿನಿಂದ ಕಾರಿನ ಚೌಕಟ್ಟನ್ನೂ ಚಾಲಕನ ತಲೆಯ ಸುತ್ತಣ ಮೆತ್ತೆಯನ್ನೂ ಹೊಸದಾಗಿ ಯೋಚಿಸುವಂತಾಯಿತು.

2008ರ ಜೂನ್ 21ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಅವರ ಕಾರಿನ ಯಂತ್ರ ಓಟದ ಕೊನೆಯಲ್ಲಿ ಸಿಡಿಯಿತು. ಪ್ಯಾರಾಶೂಟುಗಳು ಹಾಳಾಗಿ ಕೆಲಸ ಮಾಡಲಿಲ್ಲ. ಕಾರು ನಿಲ್ಲುವ ಜಾಗವನ್ನು ದಾಟಿ, ಕೊನೆಯ ಮರಳನ್ನೂ ದಾಟಿ ಹೋಯಿತು. ಕಲಿಟ್ಟಾ ಉಳಿಯಲಿಲ್ಲ.

ಎರಡು ವಾರದೊಳಗೆ ಎನ್.ಎಚ್.ಆರ್.ಎ. ಅಲ್ಲಿಯವರೆಗೆ ಯಾರೂ ಊಹಿಸದ ನಿರ್ಧಾರ ಕೈಗೊಂಡಿತು. ಅತಿ ವೇಗದ ಎರಡು ವಿಭಾಗಗಳಿಗೆ ಓಟದ ದೂರವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿತು. ಕಾಲು ಮೈಲಿ ಎಂಬುದು ಈ ಕ್ರೀಡೆಯಲ್ಲಿ ಕೇವಲ ಅಳತೆಯಾಗಿರಲಿಲ್ಲ. ದಾಖಲೆ, ಹೆಮ್ಮೆ, ಹೆಸರು ಎಲ್ಲ ಅದರೊಡನೆ ಬೆಸೆದಿದ್ದವು. ಹಳಬರು ನೊಂದುಕೊಂಡರು. ತಾತ್ಕಾಲಿಕ ಎಂದು ಹೇಳಿದ್ದ ನಿಯಮ ಅಲ್ಲೇ ನಿಂತಿತು. ಉಳಿದ 320 ಅಡಿ, ಅಂದರೆ ಸುಮಾರು 97 ಮೀಟರು, ಓಟದ ಲೆಕ್ಕದಿಂದ ತೆಗೆದು ನಿಲ್ಲುವ ಲೆಕ್ಕಕ್ಕೆ ಕೊಟ್ಟಂತಾಯಿತು. ಯಂತ್ರ ಸಿಡಿದರೆ ತಾನಾಗಿಯೇ ಇಂಧನ ಕಡಿದು ಪ್ಯಾರಾಶೂಟು ಬಿಚ್ಚುವ, ಚಾಲಕ ಎಚ್ಚರ ತಪ್ಪಿದ್ದರೂ ಗೆರೆ ದಾಟಿದ ಮೇಲೆ ಯಂತ್ರವನ್ನು ನಿಲ್ಲಿಸುವ ಸಾಧನಗಳೂ ಬಂದವು.

ಇಂದಿನ ಟಾಪ್ ಫ್ಯೂಯೆಲ್ ಕಾರು 11,000 ಅಶ್ವಶಕ್ತಿಯನ್ನು ಮೀರಿ, ನಾಲ್ಕು ಸೆಕೆಂಡಿನೊಳಗೆ ಸಾವಿರ ಅಡಿ ದಾಟುತ್ತದೆ. ವೇಗ ಗಂಟೆಗೆ 530 ಕಿಲೋಮೀಟರಿಗೂ ಹೆಚ್ಚು. ಹಾದಿ ಚಿಕ್ಕದಾದರೂ ವೇಗ ಮತ್ತೆ ಏರಿತು. ಅಪಾಯ ತೀರಿಲ್ಲ. 2024ರ ಜೂನಿನಲ್ಲಿ ವರ್ಜೀನಿಯದಲ್ಲಿ, 75 ವರ್ಷದ ಜಾನ್ ಫೋರ್ಸ್ ಅವರ ಕಾರಿನ ಯಂತ್ರ ಸಿಡಿದು ಅವರ ಮೆದುಳಿಗೆ ತೀವ್ರ ಗಾಯವಾಯಿತು. ಬದುಕಿ ಉಳಿದರು. ಮೂವತ್ತು ನಲವತ್ತು ವರ್ಷ ಹಿಂದಿನ ಕಾರಾಗಿದ್ದರೆ ಹೇಗಿರುತ್ತಿತ್ತೆಂದು ಮೇಲಿನ ಕಥೆಯನ್ನು ಓದಿದವರು ಊಹಿಸಬಹುದು.

ನಮ್ಮ ಊರುಗಳಲ್ಲಿ

ನಮ್ಮ ದೇಶದಲ್ಲಿಯೂ ಈ ಕಥೆ ಓಡುಹಾದಿಯಿಂದಲೇ ಆರಂಭವಾಗುತ್ತದೆ. ಚೆನ್ನೈ ಹತ್ತಿರದ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನದ ಹಾದಿಯಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1950ರ ದಶಕದಿಂದ ಅಲ್ಲಿ ಪಂದ್ಯ ನಡೆಸುತ್ತಿತ್ತು. ಚೆನ್ನೈಯ ನಮ್ಮ ಹಿರಿಯ ಓದುಗರಲ್ಲಿ ಅದನ್ನು ಕಂಡವರು ಇರಬಹುದು. ನಂತರ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕಾಗಿಯೇ ಕಟ್ಟಿದ ಹಾದಿ ಬಂತು. ಅಲ್ಲಿ ಮೋಟಾರ್ ಸೈಕಲುಗಳ ರಾಷ್ಟ್ರೀಯ ಡ್ರ್ಯಾಗ್ ಪಂದ್ಯಗಳೂ ನಡೆದಿವೆ. 2010ರ ದಶಕದಲ್ಲಿ ಲೋನಾವಳದ ಆಚೆ ಆಂಬಿ ವ್ಯಾಲಿಯ ವಿಮಾನ ಹಾದಿಯಲ್ಲಿ ಮುಂಬಯಿ, ಪುಣೆಯ ಹುಡುಗರು ಕ್ರಮಬದ್ಧವಾಗಿ ಓಡಿದರು.

ಆದರೆ ಹೆಚ್ಚಿನ ಹುಡುಗರಿಗೆ ಹತ್ತಿರವಿರುವುದು ರಸ್ತೆಯೇ. ಮುಂಬಯಿಯ ಬಾಂದ್ರಾ ಕಡೆ, ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿ ರಾತ್ರಿ ಪಂಥ ಕಟ್ಟಿ ಓಡಿಸುವವರನ್ನು ಪೋಲೀಸರು ಹಿಡಿದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಮೂರು ತಿಂಗಳ ತನಕ ಸೆರೆ ಅಥವಾ 5,000 ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೇ ಮೂರು ವರ್ಷದ ತನಕ ಸೆರೆ ಮತ್ತು 25,000 ರೂಪಾಯಿ ದಂಡ ಎಂದು ಅದೇ ತಿದ್ದುಪಡಿ ಹೇಳುತ್ತದೆ.

ಕಾನೂನು ಬೇಕು. ಆದರೆ ಕೇವಲ ಬೇಡವೆಂದು ಹೇಳಿದರೆ ಏನಾಗುತ್ತದೆ ಎಂಬುದನ್ನು 1957ರ ಇಂಧನ ನಿಷೇಧ ತೋರಿಸಿಕೊಟ್ಟಿದೆ. ಜಾಗ ಕೊಟ್ಟು, ನಿಯಮ ಕಲಿಸಿ, ಜೊತೆಗೆ ನಿಂತರೆ ಏನಾಗುತ್ತದೆ ಎಂಬುದನ್ನು 1953ರ ಪೊಮೋನಾ ತೋರಿಸಿಕೊಟ್ಟಿದೆ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಅಜ್ಜನೋ ಚಿಕ್ಕಪ್ಪನೋ ಗದರಿಸಲು ಹತ್ತಿರವಿರುವುದಿಲ್ಲ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ. ಮಗನ ಬೈಕಿನ ಬ್ರೇಕು ಹಿಡಿಯುತ್ತದೆಯೇ, ಟಯರು ಸವೆದಿದೆಯೇ ಎಂದು ಭಾನುವಾರ ಒಮ್ಮೆ ಅವನೊಡನೆ ಕುಳಿತು ನೋಡುವುದು ನಮ್ಮಿಂದ ಆಗುವ ಕೆಲಸ. ಕೂನ್ಸ್ ಅವರ ನಾಲ್ವರ ತಂಡ ಊರೂರಿಗೆ ಹೋಗಿ ಮಾಡುತ್ತಿದ್ದುದೂ ಅದನ್ನೇ. ವೇಗದ ಹುಚ್ಚು ನಿಜವಾಗಿಯೂ ಇದ್ದರೆ ಇರುಂಗಾಟ್ಟುಕೋಟ್ಟೈಯಂತಹ ಹಾದಿಗೆ ಅವನನ್ನು ಕರೆದೊಯ್ಯಬಹುದು. ನಮ್ಮ ಸಂಘಗಳ ಯುವ ವಿಭಾಗಗಳು ಇಂತಹ ಒಂದು ಪ್ರವಾಸವನ್ನು ಏರ್ಪಡಿಸಿದರೆ ಹುಡುಗರು ಅಲ್ಲಿ ಓಡುವವರನ್ನಷ್ಟೇ ಅಲ್ಲದೆ, ಓಡುವ ಮೊದಲು ನಡೆಯುವ ತಪಾಸಣೆಯನ್ನೂ, ಗೆರೆಯ ಆಚೆಗೆ ನಿಲ್ಲುವುದಕ್ಕೆಂದೇ ಬಿಟ್ಟ ಉದ್ದನೆಯ ಖಾಲಿ ಹಾದಿಯನ್ನೂ ಕಣ್ಣಾರೆ ಕಾಣಬಹುದು.